ಬಿಲ್ಲೆಗೆ ಎರಡು ತೂತು

"ಅಮ್ಮಾ, ಅದು ದೇವರ ಮನೆ ಗೋಡೆ. ತಳ ಹಿಡಿದ ಪಾತ್ರೆ ಕೆರೆದ ಹಾಗೆ ಕೆರೀತಿದ್ದೀರಲ್ಲ!"

ಪಾದ್ರಿ ಏಣಿಯ ಬುಡ ಹಿಡಿದು ನಿಂತಿದ್ದರು. ಹಿಡಿದದ್ದು ನಾನು ಬೀಳಬಾರದೆಂದೋ, ಬಿದ್ದರೆ ಪೀಡೆ ತೊಲಗೀತೆಂದೋ ಹೇಳುವುದು ಕಷ್ಟ. ನಾನು ಮನೆಯಿಂದ ತಂದ ಚಮಚದಲ್ಲಿ ಗೋಡೆ ಕೆರೆಯುತ್ತಲೇ ಇದ್ದೆ. ಬಿಳಿ ಸುಣ್ಣದ ಕೆಳಗೆ ಹಳದಿ, ಹಳದಿಯ ಕೆಳಗೆ ಮತ್ತೆ ಬಿಳಿ, ಅದಕ್ಕೂ ಕೆಳಗೆ ಕಪ್ಪು. ಬೆರಳಿಟ್ಟು ನೋಡಿದೆ. ಕಾಡಿಗೆ ಡಬ್ಬಿಗೆ ಅದ್ದಿದ ಹಾಗಾಯಿತು.

"ಫಾದರ್, ದೇವರ ಮನೆಗೆ ಇಷ್ಟು ಮಸಿ ಎಲ್ಲಿಂದ ಬಂತು?"

"ಮೇಣದಬತ್ತಿ ಹೊಗೆ ಇರಬಹುದು."

"ಮೇಣದಬತ್ತಿ ಹೊಗೆ ಹೀಗೆ ಕೈಗೆ ಅಂಟಲ್ಲ. ಇದು ಕಲ್ಲಿದ್ದಲು."

ಅವರು ಮಾತಾಡಲಿಲ್ಲ. ರೈಲ್ವೆ ಪೊಲೀಸಿನಲ್ಲಿ ಆಯುಸ್ಸು ಸವೆಸಿದವಳು ನಾನು. ನಿವೃತ್ತಿಯ ಹೊತ್ತಿಗೆ ದೊಡ್ಡ ಹುದ್ದೆಯಲ್ಲೇ ಇದ್ದರೂ ಈ ಊರಿಗೆ ಇವತ್ತಿಗೂ ನಾನು ದಫೇದಾರಮ್ಮನೇ. ಎದುರಿಗಿದ್ದವರು ಸುಮ್ಮನಾದರೆ ಅದು ಎಂಥ ಮೌನ ಎಂಬುದಾದರೂ ನನಗೆ ತಿಳಿಯುತ್ತದೆ. ಪಾದ್ರಿಯದು ಸಿಕ್ಕಿಬಿದ್ದವರ ಮೌನವಾಗಿತ್ತು.

ಚರ್ಚಿನ ಕುಸಿದ ನೆಲ ಎತ್ತಿದಾಗ ಚಪ್ಪಡಿಯ ಕೆಳಗೆ ತಲೆಯ ಹಿಂಭಾಗ ಒಡೆದ ಒಬ್ಬ ಗಂಡಸಿನ ಮೂಳೆಗಳೂ, ಅವುಗಳ ಪಕ್ಕ, ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದು ಎಂದೋ ಕಾಣೆಯಾಗಿದ್ದ ಒಬ್ಬ ಫೈರ್‌ಮನ್ನನ ಹಿತ್ತಾಳೆ ಬಿಲ್ಲೆಯೂ ಸಿಕ್ಕು ಇವತ್ತಿಗೆ ವಾರ. ಠಾಣೆಯವರು ಬಂದರು, ನೋಡಿದರು, "ಹಳೇ ಮೂಳೆಗೆ ಹೊಸ ತಲೆನೋವು ಯಾಕೆ" ಎಂದು ಕೈ ತೊಳೆದುಕೊಂಡು ಹೋದರು. ನಾಳೆ ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಕೊಂದವರು ಯಾರೆಂದು ಹುಡುಕುವುದು ನನ್ನ ಪಾಲಿಗೆ ಬಿದ್ದಿತ್ತು.

ಏಣಿ ಇಳಿದೆ. ಮಂಡಿಗಳು ಒಂದೊಂದು ಮೆಟ್ಟಿಲಿಗೂ ನನ್ನನ್ನು ಬೈದವು.

"ಚಾವಣಿ ನೋಡಿ, ಫಾದರ್. ನೆತ್ತಿಯುದ್ದಕ್ಕೂ ಹಲಗೆ ಬಡಿದಿದ್ದಾರೆ. ಮೊದಲು ಅಲ್ಲಿ ಬಾಯಿತ್ತು, ಹೊಗೆ ಹೋಗೋಕೆ. ಪೀಠದ ಹಿಂದಿನ ಗೋಡೆಯ ಇಟ್ಟಿಗೆ ಬೇರೆ, ಉಳಿದ ಮೂರು ಗೋಡೆಯ ಇಟ್ಟಿಗೆ ಬೇರೆ. ಎಂಜಿನ್ ಒಳಗೆ ಬರ್ತಿದ್ದ ದಾರಿ ಅದು. ಇದು ಚರ್ಚ್ ಅಂತ ಹುಟ್ಟಿದ್ದಲ್ಲ. ಎಂಜಿನ್ ಶೆಡ್."

"ಬಾಗಿಲ ಮೇಲೆ ಕಲ್ಲಿನಲ್ಲಿ ಇಸವಿ ಇದೆಯಲ್ಲ?"

"ಇಸವಿ ಕಟ್ಟಡದ್ದು. ದೇವರು ಆಮೇಲೆ ಬಂದ್ರು."

ಪಾದ್ರಿ ಬೆಂಚಿನ ಮೇಲೆ ಕುಳಿತುಬಿಟ್ಟರು. ಆಮೇಲೆ ಬಾಯಿಬಿಟ್ಟರು. ಯಾರ್ಡಿನ ಆಚೆ ಹೊಸ ಶೆಡ್ ಎದ್ದಾಗ ರೈಲ್ವೆಯವರು ಈ ಹಳೆಯದನ್ನು ತಮ್ಮಲ್ಲಿ ದುಡಿಯುವ ಭಕ್ತರಿಗೆ ಬಿಟ್ಟುಕೊಟ್ಟರು. ಒಳಗಿನ ಹಳಿ ಕಿತ್ತರು. ಹಳಿಗಳ ನಡುವೆ ಉದ್ದನೆಯ ಗುಂಡಿಯಿತ್ತು. ಎಂಜಿನ್ ಮೇಲೆ ನಿಲ್ಲುತ್ತಿತ್ತು, ಫಿಟ್ಟರ್ ಗುಂಡಿಯಲ್ಲಿ ನಿಂತು ಅದರ ಹೊಟ್ಟೆ ನೋಡುತ್ತಿದ್ದ. ಆ ಗುಂಡಿಗೆ ಎಂಜಿನ್ ಬೂದಿಯನ್ನೇ ತುಂಬಿ ಮೇಲೆ ಚಪ್ಪಡಿ ಹಾಸಿದರು. ಇವತ್ತು ಮದುಮಗಳು ನಡೆದು ಬರುವುದು ಆ ಗುಂಡಿಯ ಮೇಲೆಯೇ.

ಊರಿನ ಹಳಬರಿಗೆಲ್ಲ ಇದು ಗೊತ್ತು. ವರ್ಗವಾಗಿ ಬಂದು ಇಲ್ಲೇ ಉಳಿದ ನನಗೆ ಯಾರೂ ಹೇಳಲಿಲ್ಲ. ಹೊಸ ಹಳಿ ಹಾಕಲು ರೈಲ್ವೆಯವರಿಗೆ ಈಗ ಜಾಗ ಬೇಕಾಗಿದೆ. ಇದು ನೂರು ವರ್ಷ ಹಳೆಯ ಚರ್ಚು, ಮುಟ್ಟಬೇಡಿ ಎಂದು ಊರಿಗೆ ಊರೇ ಕಲ್ಲಿನ ಇಸವಿ ತೋರಿಸಿ, ಉಳಿದದ್ದಕ್ಕೆ ಬಾಯಿಗೆ ಬೀಗ ಹಾಕಿಕೊಂಡಿತ್ತು.

"ಗೊತ್ತಾದ್ರೆ ಕೆಡವಿಬಿಡ್ತಾರೆ ಅಮ್ಮ. ಹೊರಗೆ ಹೇಳಬೇಡಿ."

"ನನಗೆ ನಿಮ್ಮ ಗೋಡೆ ಬೇಡ, ಗುಂಡಿ ಬೇಕು. ಅದನ್ನ ತುಂಬಿದ್ದು ಯಾವಾಗ?"

ಅವರು ನೆಲ ನೋಡಿದರು. "ಆ ಫೈರ್‌ಮನ್ ಕಾಣೆಯಾದ ವಾರವೇ ಅಂತೆ. ಮೇಸ್ತ್ರಿ ಹೇಳಿದ್ರು. ಆಗ ಚಪ್ಪಡಿ ಹಾಸಿದವರಲ್ಲಿ ಅವರೂ ಒಬ್ಬರು. ಹೊಸದಾಗಿ ಕೆಲಸ ಕಲೀತಿದ್ರಂತೆ."

ಗಾರೆ ಮೇಸ್ತ್ರಿ ಆ ಫೈರ್‌ಮನ್ನನ ಸ್ವಂತ ತಮ್ಮ. ಕಳೆದ ವಾರ ನೆಲ ಎತ್ತಿದವನೂ ಅವನೇ. ಬಿಲ್ಲೆಯ ನಂಬರು ನೋಡಿ "ಇದು ನಮ್ಮಣ್ಣಂದು" ಎಂದು ಮೊದಲು ಅತ್ತವನೂ ಅವನೇ.

"ಮೂಳೆ ಕಂಡಾಗ ನೀವು ಎಲ್ಲಿದ್ರಿ, ಫಾದರ್?"

"ಒಳಗಿನ ಕೋಣೆಯಲ್ಲಿ. ಅವರು ಕೂಗಿದ ಮೇಲೆ ಬಂದೆ."

"ಹಾಗಾದ್ರೆ ಆ ಬಿಲ್ಲೆ ಇನ್ನೊಂದು ಸಲ ತೋರಿಸಿ."

ಪಾದ್ರಿ ನಿಲುವಂಗಿ ಬದಲಾಯಿಸುವ ಆ ಕೋಣೆ, ಶೆಡ್ಡಿನ ಕಾಲದಲ್ಲಿ ಹಾಜರಿ ಕೋಣೆಯಾಗಿತ್ತು. ಗೋಡೆಗೆ ಬಡಿದ ದೊಡ್ಡ ಹಲಗೆಯ ತುಂಬ ಸಾಲು ಮೊಳೆಗಳು. ಒಂದಕ್ಕೆ ಪಾದ್ರಿಯ ಛತ್ರಿ, ಇನ್ನೊಂದಕ್ಕೆ ಪೂಜೆಯ ವಸ್ತ್ರ ತೂಗುತ್ತಿದ್ದವು. ಇಂಥ ಹಲಗೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲಸಕ್ಕೆ ಬಂದವನು ತನ್ನ ಬಿಲ್ಲೆಯನ್ನು ಮೊಳೆಗೆ ನೇತುಹಾಕಬೇಕು. ಮನೆಗೆ ಹೋಗುವಾಗ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಬಿಡುವವನು ಬಿಲ್ಲೆಯನ್ನು ಆಫೀಸಿಗೆ ಒಪ್ಪಿಸಿ ಹೋಗಬೇಕು.

ಕೆಳಗಿನ ಸಾಲಿನ ಮೂಲೆಯಲ್ಲಿ, ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು ಹಲಗೆಗೇ ಅಂಟಿಹೋಗಿದ್ದ ಒಂದು ಅನಾಥ ಬಿಲ್ಲೆ ಇತ್ತು. ಚಮಚದ ತುದಿಯಿಂದ ಎಬ್ಬಿಸಿದೆ. ಅಷ್ಟರಲ್ಲಿ ಪಾದ್ರಿ ಡ್ರಾಯರಿನಿಂದ ಫೈರ್‌ಮನ್ನನ ಬಿಲ್ಲೆಯನ್ನೂ, ಮೂಳೆಗಳ ಸೊಂಟದ ಹತ್ತಿರ ಸಿಕ್ಕ ಬೆಲ್ಟಿನ ಬಕಲನ್ನೂ ತೆಗೆದಿಟ್ಟರು.

ಬಕಲ್ ಹಿತ್ತಾಳೆ. ಬಿಲ್ಲೆಯೂ ಹಿತ್ತಾಳೆ. ಎರಡೂ ಒಂದೇ ಬೂದಿಯಲ್ಲಿ, ಒಂದೇ ತೇವದಲ್ಲಿ, ಒಂದು ಗೇಣಿನ ಅಂತರದಲ್ಲಿ ಬಿದ್ದಿದ್ದವಂತೆ. ಬಕಲನ್ನು ಕಿಲುಬು ತಿಂದು ಹಾಕಿತ್ತು. ಮುಟ್ಟಿದರೆ ಹಸಿರು ಪುಡಿ ಉದುರಿತು. ಬಿಲ್ಲೆಗೆ ಕಿಲುಬಿನ ಸುಳಿವೇ ಇಲ್ಲ. ಅಂಚು ಸವೆದಿತ್ತು, ಮೈ ನುಣುಪಾಗಿತ್ತು. ದಿನವೂ ಯಾರದೋ ಕೈಯಲ್ಲಿ ಆಡಿದ ಹಿತ್ತಾಳೆ ಅದು.

ಕಳೆದ ವಾರ ಇದನ್ನು ನಾನೂ ಕೈಯಲ್ಲಿ ಹಿಡಿದಿದ್ದೆ. ನಂಬರು ಓದಿದೆ, ಬಿಲ್ಲೆಯನ್ನು ನೋಡಲಿಲ್ಲ. ವಯಸ್ಸಾಯಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಲಗೆಯಿಂದ ಕಿತ್ತ ಬಿಲ್ಲೆಯನ್ನು ಇದರ ಪಕ್ಕ ಇಟ್ಟೆ. ಅಳತೆ ಒಂದೇ. ಮೊಳೆಗೆ ತೂಗುಹಾಕಲು ಎರಡಕ್ಕೂ ಅಂಚಿನಲ್ಲಿ ಒಂದು ತೂತು. ಆದರೆ ಫೈರ್‌ಮನ್ನನ ಬಿಲ್ಲೆಗೆ ನಟ್ಟನಡುವೆ ಇನ್ನೊಂದು ತೂತು ಇತ್ತು. ಸಣ್ಣದು, ನಂಬರಿನ ಒಂದು ಅಂಕಿಯನ್ನೇ ಕಚ್ಚಿಕೊಂಡು ಕೊರೆದದ್ದು. ತೂತಿನ ಬಾಯಿ ದಾರ ಉಜ್ಜಿ ಉಜ್ಜಿ ಸವೆದಿತ್ತು.

"ಇದು ಯಾಕೆ?" ಪಾದ್ರಿ ಕೇಳಿದರು.

ನನಗೆ ಗೊತ್ತಾಗಿತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬಿಲ್ಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಮೇಸ್ತ್ರಿ ನಾಳೆಗೆ ಸಮಾಧಿ ಕಟ್ಟುತ್ತಿದ್ದ ಕಡೆಗೆ ಹೊರಟೆ.

ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಬಾವುಟದವಳ ಅಂಗಡಿ. ತಪ್ಪಿಸಿಕೊಂಡು ಹೋಗಲು ಇನ್ನೊಂದು ಬೀದಿಯಿತ್ತು, ಆದರೆ ಅವಳು ಆಗಲೇ ನೋಡಿಬಿಟ್ಟಿದ್ದಳು.

"ಅಕ್ಕಾ, ಬಂದು ಹೋಗಿ."

ಬಾವುಟದವಳು ಆ ಫೈರ್‌ಮನ್ನನ ಮಗಳು. ಗಾರ್ಡುಗಳು ಬೀಸುವ ಹಸಿರು ಕೆಂಪು ಬಾವುಟಗಳನ್ನು ಈ ಭಾಗಕ್ಕೆಲ್ಲ ಹೊಲಿದುಕೊಡುವವಳು ಅವಳೇ. ಅಪ್ಪ ಹೋದಾಗ ತೊಟ್ಟಿಲಿನಲ್ಲಿದ್ದಳು. ಈಗ ತಲೆಯ ಅರ್ಧ ಕೂದಲು ಬೆಳ್ಳಗಾಗಿದೆ. ಶಾಲೆಯಲ್ಲಿ, ಅಂಗಡಿಯಲ್ಲಿ, ನೋಡಲು ಬಂದ ಗಂಡುಗಳ ಮನೆಯಲ್ಲಿ ಅವಳಿಗಿದ್ದ ಹೆಸರು ಒಂದೇ: ಓಡಿಹೋದವನ ಮಗಳು. ಅವಳ ತಾಯಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಸತ್ತಳು. ಆಮೇಲೆ ಸಾಕಿದವನು ಚಿಕ್ಕಪ್ಪ, ಅಂದರೆ ನಮ್ಮ ಮೇಸ್ತ್ರಿ. ತನಗೊಂದು ಸಂಸಾರ ಮಾಡಿಕೊಳ್ಳಲಿಲ್ಲ. ಇವಳ ಜ್ವರಕ್ಕೆ ತಾನು ನಿದ್ದೆಗೆಟ್ಟ.

ಇವತ್ತು ಮೆಷಿನ್ನಿನ ಕೆಳಗೆ ಕೆಂಪೂ ಇರಲಿಲ್ಲ, ಹಸಿರೂ ಇರಲಿಲ್ಲ. ಬಿಳಿ ಬಟ್ಟೆ ಹೊಲಿಯುತ್ತಿದ್ದಳು.

"ಪೆಟ್ಟಿಗೆ ಒಳಗೆ ಹಾಸೋಕೆ. ಬರೀ ಮೂಳೆಗೆ ಯಾಕೆ ಇಷ್ಟು ಮೆತ್ತಗೆ ಅಂತ ಬಡಗಿ ಕೇಳ್ದ. ಕೇಳ್ಲಿ ಬಿಡಿ. ಇಷ್ಟು ದಿನ ಬೂದಿ ಮೇಲೆ ಮಲಗಿದ್ರಲ್ಲ."

"ಊಟ ಮಾಡಿದ್ಯಾ?"

"ಇಳೀತಿಲ್ಲ ಅಕ್ಕ." ಕತ್ತರಿ ಕೆಳಗಿಟ್ಟಳು. "ಚಿಕ್ಕಪ್ಪಂಗೆ ಯಾವಾಗಲೂ ಹೇಳ್ತಿದ್ದೆ, ಅವನೇನಾದ್ರೂ ಬದುಕಿದ್ದು ಬಾಗಿಲಿಗೆ ಬಂದ್ರೆ ಮುಖದ ಮೇಲೆ ಬಾಗಿಲು ಹಾಕ್ತೀನಿ ಅಂತ. ಎಷ್ಟು ಬೈದಿದ್ದೀನಿ! ಅವರು ಪಾಪ ಇಲ್ಲೇ ಇದ್ರು. ಪ್ರತಿ ಭಾನುವಾರ ಅವರ ಮೇಲೇ ನಡ್ಕೊಂಡು ಹೋಗಿ ಮಂಡಿಯೂರಿ, ಅವರನ್ನೇ ಶಪಿಸಿ ಬರ್ತಿದ್ದೆ."

ನನ್ನ ಸೆರಗಿನ ತುದಿ ಭಾರವಾಗಿತ್ತು.

"ಓಡಿಹೋಗಲಿಲ್ಲ ಅಲ್ವಾ ಅಕ್ಕ? ಅಷ್ಟು ಸಾಕು ನಂಗೆ. ಯಾರು ಕೊಂದ್ರು ಅನ್ನೋದನ್ನ ಮಾತ್ರ ನೀವು ಹುಡುಕಿ ಕೊಡ್ತೀನಿ ಅಂದಿದ್ದೀರಿ. ಕೊಡ್ತೀರಲ್ಲ?"

"ಕೊಡ್ತೀನಿ" ಎಂದೆ. ಮಾತು ಕೊಡುವಾಗ ನಾಲಿಗೆಗೆ ಮೂಳೆಯಿಲ್ಲ ಎಂಬುದು ನನ್ನ ವಿಷಯದಲ್ಲಿ ಅವತ್ತು ನಿಜವಾಯಿತು.

ಸ್ಮಶಾನ ಯಾರ್ಡಿನ ಬೇಲಿಗೆ ಅಂಟಿಕೊಂಡಿದೆ. ಗೂಡ್ಸ್ ಗಾಡಿ ಹೋದಾಗಲೆಲ್ಲ ಶಿಲುಬೆಗಳು ಸಣ್ಣಗೆ ನಡುಗುತ್ತವೆ. ಬಾವುಟದವಳ ತಾಯಿಯ ಸಮಾಧಿಗೆ ಒತ್ತಿಕೊಂಡೇ ಹೊಸ ಗುಂಡಿ ತೆಗೆದಿದ್ದರು. ಮೇಸ್ತ್ರಿ ಅದರೊಳಗೆ ಎದೆಮಟ್ಟ ಇಳಿದು ಸುತ್ತ ಇಟ್ಟಿಗೆ ಕಟ್ಟುತ್ತಿದ್ದ. ಬಿಸಿಲು ಇಳಿಯುವ ಮೊದಲು ಮುಗಿಸುವ ಅವಸರ ಅವನಿಗೆ.

ಗೋಡೆಯ ಅಂಚಿನಿಂದ ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ದಾರದ ತುದಿಯಲ್ಲಿ ಕಬ್ಬಿಣದ ಗುಂಡು. ದಾರದ ಮೇಲ್ಗಡೆ ಗುಂಡಿನಷ್ಟೇ ಅಗಲದ ಒಂದು ಬಿಲ್ಲೆ. ಬಿಲ್ಲೆಯನ್ನು ಗೋಡೆಗೆ ಒತ್ತಿ ಹಿಡಿದಾಗ ಕೆಳಗೆ ಗುಂಡು ಗೋಡೆಯನ್ನು ಸುಮ್ಮನೆ ಸವರಿ ನಿಂತರೆ ಗೋಡೆ ನೆಟ್ಟಗಿದೆ ಎಂದರ್ಥ. ಗಾರೆ ಕೆಲಸದವರೆಲ್ಲ ನೋಡುವುದು ಹೀಗೆಯೇ. ಇವನ ಗುಂಡು ಹಳೆಯದು, ದಾರ ಹಳೆಯದು. ಬಿಲ್ಲೆ ಮಾತ್ರ ಹೊಸದು, ಮೊನ್ನೆ ಮೊನ್ನೆ ಕೆತ್ತಿದ ಮರದ್ದು.

"ಹಳೇ ಬಿಲ್ಲೆ ಏನಾಯ್ತು, ಮೇಸ್ತ್ರಿ?"

"ಎಲ್ಲೋ ಬಿದ್ದು ಹೋಯ್ತು ದಫೇದಾರಮ್ಮ."

"ಹಿತ್ತಾಳೇದಾ?"

ಕರಣೆ ಹಿಡಿದ ಕೈ ಗಾರೆಯ ಬಾಣಲೆಯಲ್ಲೇ ನಿಂತಿತು. "ಹಿತ್ತಾಳೆ ಅಂತ ಯಾರು ಅಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಜೀವಮಾನವಿಡೀ ಕಂಡಿದ್ದೇನೆ. ಇವನನ್ನು ಹಾಗೆ ಕಾಣಲು ಮನಸ್ಸು ಬರಲಿಲ್ಲ. ಸೆರಗು ಬಿಚ್ಚಿ ಬಿಲ್ಲೆಯನ್ನು ಗುಂಡಿಯ ಅಂಚಿನ ಮೇಲಿಟ್ಟೆ.

"ಶೆಡ್ಡಿನ ಬಿಲ್ಲೆಗೆ ಒಂದೇ ತೂತು. ಇದಕ್ಕೆ ಎರಡು. ನಡುವಿನ ತೂತು ಗಾರೆಯವರದು. ನಿಮ್ಮ ಕಣ್ಣಿಗೆ ಅದು ಬೀಳಲೇ ಇಲ್ಲ, ಅಲ್ವಾ? ಇಷ್ಟು ವರ್ಷ ದಾರ ಪೋಣಿಸಿದ ಕೈಗೆ ಬಿಲ್ಲೆ ಅಂದ್ರೆ ತೂತು ಇದ್ದೇ ಇರುತ್ತೆ."

ಮೇಸ್ತ್ರಿ ಬಿಲ್ಲೆಯನ್ನು ಮುಟ್ಟಲಿಲ್ಲ. ಬರಿದೇ ನೋಡುತ್ತಿದ್ದ.

"ಮೂಳೆ ಕಂಡಾಗ ಫಾದರ್ ಒಳಗಿದ್ರು. ನೀವೊಬ್ಬರೇ. ದಾರ ಕಡಿದು ಬಿಲ್ಲೆ ಅಲ್ಲಿ ಹಾಕಿದ್ರಿ. ಆಮೇಲೆ ಕೂಗಿದ್ರಿ. ಸುಳ್ಳಾದ್ರೆ ಸುಳ್ಳು ಅನ್ನಿ."

"ಸುಳ್ಳಲ್ಲ."

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಪೂರ್ತಿ ಹೇಳಿ."

ಅವನು ಅರ್ಧ ಕಟ್ಟಿದ ಗೋಡೆಯ ಮೇಲೆ, ಗುಂಡಿಯೊಳಗೇ ಕುಳಿತ. ಮೇಲೆ ನಿಂತ ನನಗೆ ಅವನ ಬೋಳು ನೆತ್ತಿ, ಗಾರೆ ಮೆತ್ತಿದ ಕಿವಿ ಕಾಣುತ್ತಿದ್ದವು.

"ಅಣ್ಣ ಓಡಿಹೋದ ದಿನ ಬೆಳಿಗ್ಗೆ ನನ್ನ ಎಬ್ಬಿಸಿ ಇದನ್ನ ಕೈಗಿಟ್ಟ. ಆಫೀಸಿಗೆ ಒಪ್ಪಿಸಿಬಿಡು ಅಂದ. ಎಲ್ಲಿಗೆ ಅಂದೆ. ಹೇಳ್ಲಿಲ್ಲ. ಒಪ್ಪಿಸಿದ್ರೆ ಕೆಲಸ ಹೋಗುತ್ತಲ್ಲ ದಫೇದಾರಮ್ಮ? ಏನೋ ಸಿಟ್ಟಲ್ಲಿದ್ದ, ಇಳಿದ ಮೇಲೆ ವಾಪಸ್ ಬರ್ತಾನೆ, ಮೊಳೆಗೆ ಹಾಕೋಕೆ ಬಿಲ್ಲೆ ಬೇಕಲ್ಲ ಅಂತ ನಾನೇ ಇಟ್ಕೊಂಡೆ. ಇನ್ನು ಬರಲ್ಲ ಅಂತ ಖಾತ್ರಿಯಾದ ದಿನ ನಡುವೆ ತೂತು ಕೊರೆದೆ."

"ಖಾತ್ರಿ ಹೇಗಾಯ್ತು?"

"ಅವನೇ ಹೇಳಿಕಳಿಸಿದ. ಬೇರೆ ಊರಲ್ಲಿದ್ದ. ಬರಲ್ಲ, ಯಾರಿಗೂ ಹೇಳಬೇಡ ಅಂದ."

"ಅತ್ತಿಗೆಗೆ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದ.

"ಮಗಳಿಗೆ?"

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಅವಳಿಗೆ ಕೂದಲು ನೆರೆತೋಯ್ತು. ಏನಂತ ಹೇಳ್ಲಿ? ನಿಮ್ಮಪ್ಪ ಚೆನ್ನಾಗಿದ್ದಾನೆ, ನೀನು ಬೇಡವಂತೆ ಅಂತಲಾ? ಕಳೆದ ವಾರ ಚಪ್ಪಡಿ ಎತ್ತಿ ಕುಸಿದ ಬೂದಿ ತೋಡಿದೆ, ಮೂಳೆ ಕಾಣಿಸ್ತು. ಯಾರದೋ ಏನೋ. ಇಷ್ಟು ವರ್ಷದಲ್ಲಿ ಯಾರೂ ಹುಡುಕಿಕೊಂಡು ಬಂದೋರಿಲ್ಲ. ನಮ್ಮ ಹುಡುಗಿಗೆ ಅಪ್ಪ ಬೇಕಿತ್ತು. ಕೈ ತಾನೇ ಚೀಲಕ್ಕೆ ಹೋಯ್ತು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಹಾಗಾಗಿ ಎದುರಿಗಿದ್ದವನ ಮೇಲೆ ಹರಿಹಾಯ್ದೆ.

"ಕೊಲೆಯಾದವನು ಅವನು ಮೇಸ್ತ್ರಿ! ಅವನಿಗೂ ಯಾರೋ ಹೆತ್ತವರಿದ್ರು. ಅವನನ್ನ ನಿಮ್ಮಣ್ಣನ ಅಂಗಿ ತೊಡಿಸಿ ಮಣ್ಣು ಮಾಡ್ತೀರಾ? ಗುಂಡಿ ತುಂಬಿದ್ದು ನೀವೇ. ಒಳಗೆ ಹೆಣ ಇದ್ದದ್ದು ಕಾಣಿಸಲಿಲ್ಲ ಅಂದ್ರೆ ನಂಬಲಾ?"

"ನಾನು ಬಂದಾಗ ಅರ್ಧ ತುಂಬಿತ್ತು. ದೇವರಾಣೆ. ಮೇಲಿನರ್ಧ ನಾನು ಸುರಿದದ್ದು."

"ಕೆಳಗಿನರ್ಧ?"

ಯಾರ್ಡಿನಲ್ಲಿ ಯಾವುದೋ ಎಂಜಿನ್ ಸುಮ್ಮನೆ ಕೂಗಿತು. ಮೇಸ್ತ್ರಿ ಅದು ನಿಲ್ಲುವ ತನಕ ಕಾದ.

"ಓಡಿಹೋಗೋ ಹಿಂದಿನ ದಿನ ಡ್ಯೂಟಿ ಮುಗಿಸಿ ಬಂದು ಅಣ್ಣ ಒಬ್ಬನೇ ಸುರಿದಿದ್ದ. ಚರ್ಚ್ ಕೆಲಸ, ಪುಣ್ಯ ಬರುತ್ತೆ ಅಂದಿದ್ದ."

ಬೆಳಗಿನಿಂದ ಮಸಿಯಾಗಿಯೇ ಇದ್ದ ನನ್ನ ಬೆರಳನ್ನು ಸೀರೆಗೆ ಒರೆಸಿಕೊಂಡೆ. ಯಾರು ಕೊಂದರು ಎಂದು ಹುಡುಕಿಕೊಡುತ್ತೇನೆಂದು ಬಾವುಟದವಳಿಗೆ ಮಾತು ಕೊಟ್ಟು ಬಂದು ಇನ್ನೂ ಗಳಿಗೆಯಾಗಿರಲಿಲ್ಲ. ಅಪ್ಪ ಸಿಕ್ಕ ಎಂದು ಅತ್ತವಳಿಗೆ, ಸಿಕ್ಕವನು ನಿನ್ನಪ್ಪನಲ್ಲ ಎನ್ನಬೇಕು. ನಿನ್ನಪ್ಪ ಓಡಿಹೋದದ್ದು ನಿಜ ಎನ್ನಬೇಕು. ಓಡಿದ್ದು ಯಾಕೆಂದು ಅವಳು ಕೇಳಿಯೇ ಕೇಳುತ್ತಾಳೆ.

"ನಿಮ್ಮಣ್ಣ ಈಗಲೂ ಇದ್ದಾನಾ?"

"ಇದ್ದಾನೆ." ಬೆರಳಿನ ಗಾರೆ ಕೆರೆದುಕೊಂಡ. "ಮೊನ್ನೆ ಫೋನ್ ಮಾಡಿ ಹೇಳಿದೆ. ನೀನು ಸತ್ತಿದ್ದೀಯ, ನಿನ್ನ ಮಣ್ಣು ಮಾಡ್ತಿದ್ದೀವಿ, ಇನ್ನು ಈ ಕಡೆ ತಲೆ ಹಾಕಬೇಡ ಅಂತ. ನಗ್ತಾನೆ ಅಂದ್ಕೊಂಡೆ. ಮೂಳೆ ಎಲ್ಲಿ ಸಿಕ್ತು ಅಂದ. ಎಂಜಿನ್ ಗುಂಡಿಯಲ್ಲಿ ಅಂದೆ. ಬಹಳ ಹೊತ್ತು ಮಾತಿಲ್ಲ. ಇಟ್ಟುಬಿಟ್ಟನೇನೋ ಅಂತ ಹಲೋ ಹಲೋ ಅಂದೆ."

"ಆಮೇಲೆ?"

"ಎಲ್ಲಿ ಮಣ್ಣು ಮಾಡ್ತೀರಿ ಅಂದ. ಅತ್ತಿಗೆ ಪಕ್ಕದಲ್ಲಿ ಅಂದೆ." ಮೇಸ್ತ್ರಿ ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು. "ಕಿರುಚಿಬಿಟ್ಟ ದಫೇದಾರಮ್ಮ. ಮುದುಕ ಅವನು, ಅಷ್ಟು ಗಂಟಲು ಎಲ್ಲಿತ್ತೋ. 'ಎಲ್ಲಾದ್ರೂ ಹೂಳಿ, ನಾಯಿಗಾದ್ರೂ ಹಾಕಿ. ಆ ಗುಂಡಿಯಲ್ಲಿರೋನನ್ನ ಮಾತ್ರ ನನ್ನ ಹೆಂಡತಿ ಪಕ್ಕ ಮಲಗಿಸಬೇಡಿ. ಮಲಗಿಸಿದ್ರೆ ನಾನೇ ಬಂದು ಅಗೆದು ತೆಗೀತೀನಿ' ಅಂದ."

"ಯಾರು ಅಂತ ಕೇಳಲಿಲ್ವಾ?"

"ಕೇಳೋಕೆ ಧೈರ್ಯ ಬರಲಿಲ್ಲ. ತೊಟ್ಟಿಲಲ್ಲಿ ಮಗು ಇತ್ತಲ್ಲ ಆಗ. ಅದು ಯಾರದು ಅಂತ ಏನೇನೋ ಲೆಕ್ಕ ತಲೆಗೆ ಬಂತು. ಫೋನ್ ಇಟ್ಟುಬಿಟ್ಟೆ."

"ಮತ್ತೆ ಇಲ್ಲೇ ಕಟ್ತಿದ್ದೀರಲ್ಲ?"

"ಅವಳು ಇಲ್ಲೇ ಬೇಕು ಅಂದ್ಲು. ಬೇಡ ಅನ್ನೋಕೆ ಏನಂತ ಕಾರಣ ಹೇಳ್ಲಿ? ನೀವಾದ್ರೆ ಏನು ಹೇಳ್ತಿದ್ರಿ?"

ಅಷ್ಟರಲ್ಲಿ ಸ್ಮಶಾನದ ಗೇಟು ಕಿರುಗುಟ್ಟಿತು. ಬಾವುಟದವಳು ಬರುತ್ತಿದ್ದಳು. ಮಡಿಸಿದ ಬಿಳಿ ಬಟ್ಟೆಯನ್ನು ಮಣ್ಣು ತಾಗದಂತೆ ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದಳು. ನಾನು ಬಿಲ್ಲೆಯ ಮೇಲೆ ಕಾಲಿಟ್ಟು ನಿಂತೆ.

ಅವಳು ತಾಯಿಯ ಸಮಾಧಿಯ ಅಂಚಿನಲ್ಲಿ ಕುಳಿತು ಗುಂಡಿಯೊಳಗೆ ಇಣುಕಿದಳು. ಇಟ್ಟಿಗೆಯ ಸಾಲುಗಳನ್ನು ಕಣ್ಣಿನಲ್ಲೇ ಸವರಿದಳು. ಈ ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದ್ದು ಕಂಡಿತು.

"ಎಷ್ಟು ನೆಟ್ಟಗೆ ಕಟ್ಟಿದ್ದೀಯ ಚಿಕ್ಕಪ್ಪ. ಆದ್ರೆ ಈ ಕಡೆ ಗೋಡೆ ಬೇಡ, ತೆಗೆದುಬಿಡು. ಅಮ್ಮನಿಗೂ ಅಪ್ಪನಿಗೂ ನಡುವೆ ಇನ್ನೇನೂ ಇರೋದು ಬೇಡ."

ಮೇಸ್ತ್ರಿ ನನ್ನ ಮುಖ ನೋಡಿದ.